ಥಿನ್ನರ್‌ಗೆ ಕರಗಿತು ಒಂದು ಬಸ್ಸು, ಬ್ರೇಕ್ ಆಯಿಲ್‌ನಿಂದ ಉಳಿಯಿತು ಇನ್ನೊಂದು

ಅಕ್ಕಲಕೋಟ: ಸೋಲಾಪುರದ ಅಂಗಡಿಯಿಂದ ತಂದ ಪ್ಲಾಸ್ಟಿಕ್ ಬಸ್ಸುಗಳು ಎರಡು. ಎರಡೂ ನೀಲಿ. ಬೇಕಾಗಿದ್ದು ಕೆಂಪು ಎಸ್‌ಟಿ.

ಇಲ್ಲಿನ ನಿವೃತ್ತ ಎಸ್‌ಟಿ ಚಾಲಕರೊಬ್ಬರ ಮಗ, ಅಪ್ಪ ವರ್ಷಗಟ್ಟಲೆ ಓಡಿಸಿದ ಬಸ್ಸಿನ ಮಾದರಿ ಮಾಡಲು ಹೊರಟಿದ್ದ. ಆ ಬಸ್ಸು ಎಂದೋ ಗುಜರಿಗೆ ಹೋಗಿದೆ. ಮನೆಯಲ್ಲಿ ಅದರ ಒಂದು ಫೋಟೊ ಕೂಡ ಇಲ್ಲ.

ಕಾರ್ಖಾನೆ ಬಣ್ಣದ ಮೇಲೆಯೇ ಕೆಂಪು ಬಳಿದರೆ ಪದರು ದಪ್ಪವಾಗಿ ಕಿಟಕಿಯ ಅಂಚು, ರಿವೆಟ್ ಗುರುತುಗಳು ಮುಚ್ಚಿಹೋಗುತ್ತವೆ. ನುಣುಪು ಮೈಗೆ ಹೊಸ ಬಣ್ಣ ಸರಿಯಾಗಿ ಹಿಡಿಯುವುದೂ ಇಲ್ಲ. ‘ಥಿನ್ನರ್‌ಲೆ ಒರಸಿದ್ರ ಆತು’ ಎಂದರು ಗೆಳೆಯರು. ಒರೆಸಿದ್ದೇ ತಡ, ಬಣ್ಣದ ಜೊತೆ ಬಸ್ಸಿನ ಟಪ್ಪೂ ನೆನೆದ ಹಪ್ಪಳದಂತೆ ಮೆತ್ತಗಾಯಿತು. ಇಂಥ ಮಾದರಿಗಳಿಗೆ ಬಳಸುವ ಪಾಲಿಸ್ಟೈರೀನ್, ಎಬಿಎಸ್ ಪ್ಲಾಸ್ಟಿಕ್‌ಗಳನ್ನು ಥಿನ್ನರ್, ಅಸಿಟೋನ್ ಕರಗಿಸುತ್ತವೆ.

ಉಳಿದದ್ದು ಒಂದೇ ಬಸ್ಸು. ಆಗ ದಾರಿ ತೋರಿದವರು ಅಪ್ಪ. ‘ಬ್ರೇಕ್ ಆಯಿಲ್ ಚೆಲ್ಲಿದ್ರ ಗಾಡಿ ಬಣ್ಣ ಏಳ್ತದ. ಡೆಪೊದಾಗ ಎಷ್ಟ್ ಸಲ ನೋಡೀನಿ’ ಎಂದರು.

ಮಾತು ಸುಳ್ಳಲ್ಲ. ಡಾಟ್ 3, ಡಾಟ್ 4 ಬ್ರೇಕ್ ಆಯಿಲ್‌ನಲ್ಲಿರುವ ಗ್ಲೈಕಾಲ್ ಈಥರ್ ಬಣ್ಣವನ್ನು ಸಡಿಲಿಸುತ್ತದೆ. ಸಿಲಿಕೋನ್ ಆಧಾರಿತ ಡಾಟ್ 5 ಈ ಕೆಲಸಕ್ಕೆ ಬಾರದು. ಪಾಲಿಸ್ಟೈರೀನ್‌ಗೆ ಇದರಿಂದ ಸಾಮಾನ್ಯವಾಗಿ ಧಕ್ಕೆಯಿಲ್ಲ, ಎಬಿಎಸ್ ಮಾತ್ರ ಕೆಲವೊಮ್ಮೆ ಬಿರಿಯುತ್ತದೆ. ಆದ್ದರಿಂದ ಮೊದಲು ಕಾಣದ ಒಳಬದಿಗೆ ಒಂದು ಹನಿ ಹಚ್ಚಿ ಕಾದು ನೋಡಬೇಕು.

ಅವಸರ ಬೇಡ

ಸ್ಕ್ರೂ ಬಿಚ್ಚಿ ಗಾಜು, ಗಾಲಿ ಬೇರೆ ಮಾಡಬೇಕು. ಗಾಜಿನಂಥ ಪ್ಲಾಸ್ಟಿಕ್ ಬೇಗ ಮಂಕಾಗುತ್ತದೆ. ಕೈಗೆ ಗವಸು ಹಾಕಿ, ಗಾಜಿನ ಡಬ್ಬಿಯಲ್ಲಿ ಭಾಗಗಳನ್ನು ಮುಳುಗಿಸಿ ಆಗಾಗ ತೆಗೆದು ನೋಡಬೇಕು. ಬಣ್ಣ ಸುಕ್ಕುಗಟ್ಟಿದರೆ ಹಳೆಯ ಟೂತ್‌ಬ್ರಷ್‌ನಿಂದ ಹಗುರಾಗಿ ಉಜ್ಜಬೇಕು. ಬ್ಲೇಡ್ ತಾಗಿಸಿದರೆ ಗೀರು ಬೀಳುತ್ತದೆ. ಕೊನೆಗೆ ಪಾತ್ರೆ ತೊಳೆಯುವ ಸೋಪಿನಿಂದ ಜಿಡ್ಡು ಹೋಗುವಂತೆ ತೊಳೆದು, ಒಣಗಿದ ಮೇಲೆ ಪ್ರೈಮರ್. ಬಳಸಿದ ಆಯಿಲ್ ಗಟಾರಕ್ಕೆ ಚೆಲ್ಲಬಾರದು. ಬ್ರೇಕ್ ಆಯಿಲ್ ಬದಲು ಐಸೊಪ್ರೊಪೈಲ್ ಆಲ್ಕೋಹಾಲ್ ಬಳಸುವವರೂ ಇದ್ದಾರೆ. ಅದು ಬೆಂಕಿಗೆ ಥಟ್ಟನೆ ಹತ್ತಿಕೊಳ್ಳುವುದರಿಂದ ಒಲೆ, ದೀಪ ದೂರವಿರಬೇಕು.

ಎರಡನೇ ಬಸ್ಸಿನ ನೀಲಿ ಪೂರ್ತಿ ಎದ್ದುಬಂತು, ಒಂದು ಗೆರೆಯೂ ಕೆಡಲಿಲ್ಲ. ಫೋಟೊ ಇಲ್ಲದ್ದಕ್ಕೆ ಯಾವ ಪಟ್ಟಿ ಎಲ್ಲಿ ಎಂದು ಅಪ್ಪನೇ ಪಕ್ಕದಲ್ಲಿ ಕುಳಿತು ಹೇಳಿದರು. ಮುಂದಿನ ಬೋರ್ಡಿನಲ್ಲಿ ‘ಅಕ್ಕಲಕೋಟ–ಕಲಬುರಗಿ’ ಎಂದು ಮರಾಠಿ, ಕನ್ನಡ ಎರಡರಲ್ಲೂ ಬರೆದಿದೆ. ತಯಾರಾದ ಬಸ್ಸನ್ನು ತಿರುಗಿಸಿ ನೋಡಿದ ಅವರು ಮೊದಲು ಕೇಳಿದ್ದು, ‘ಸ್ಟೆಪ್ನಿ ಎಲ್ಲದ?’

ಈಗ ಅದರ ತಯಾರಿ ನಡೆದಿದೆ.