ದಂಡಿನಶಿವರ: ಹೋಗಿಬರುವವರು ಕಟ್ಟಿದ ಊರು

ತುಮಕೂರು ಜಿಲ್ಲೆಯ ತುರುವೇಕೆರೆ ತಾಲ್ಲೂಕಿನಲ್ಲಿ, ಬೆಂಗಳೂರು–ಅರಸೀಕೆರೆ ರೈಲುಮಾರ್ಗಕ್ಕೆ ಹತ್ತಿರವಾಗಿರುವ ದಂಡಿನಶಿವರ ಒಂದು ಹೋಬಳಿ ಕೇಂದ್ರ. ಹೋಬಳಿಯೆಂದರೆ ಕಂದಾಯ ಆಡಳಿತದಲ್ಲಿ ತಾಲ್ಲೂಕಿನ ಕೆಳಗೆ ಬರುವ, ಹಲವು ಗ್ರಾಮಗಳನ್ನು ಒಳಗೊಂಡ ಘಟಕ. ಕಸಬಾ, ದಬ್ಬೇಘಟ್ಟ, ಮಾಯಸಂದ್ರಗಳ ಜೊತೆಗೆ ತುರುವೇಕೆರೆ ತಾಲ್ಲೂಕಿನ ನಾಲ್ಕು ಹೋಬಳಿಗಳಲ್ಲಿ ಇದೂ ಒಂದು. ಸುತ್ತಲಿನ ಹಳ್ಳಿಗಳವರು ಜಮೀನಿನ ದಾಖಲೆಯಾದ ಪಹಣಿಗೆ, ಪೊಲೀಸ್ ಠಾಣೆಯ ಕೆಲಸಕ್ಕೆ, ಹೊನ್ನಾದೇವಿಯ ದರ್ಶನಕ್ಕೆ ಬಂದುಹೋಗುವ ಈ ಊರನ್ನು ಹೊರಗಿನವರು ತೆಂಗಿನ ತೋಟಗಳ ನಡುವಿನ ಒಂದು ಸಾಮಾನ್ಯ ಗ್ರಾಮವೆಂದು ಭಾವಿಸಿ ದಾಟಿಹೋಗುವುದು ಸಹಜ. ಆದರೆ ಊರೊಂದರ ಗುರುತನ್ನು ರೂಪಿಸುವವರು ಅಲ್ಲಿ ಉಳಿದವರೋ, ಅಲ್ಲಿಂದ ಹೊರಟವರೋ ಎಂಬ ಪ್ರಶ್ನೆಗೆ ಈ ಸೀಮೆ ಕೊಡುವ ಉತ್ತರ ಗಮನಾರ್ಹವಾದುದು: ಇಲ್ಲಿ ಉಳಿದವರೂ ಹೊರಟವರೂ ಒಂದೇ ಮನೆಯವರು, ಮತ್ತು ಅವರಿಬ್ಬರನ್ನೂ ಒಂದೇ ಲೆಕ್ಕದಲ್ಲಿ ಹಿಡಿದಿಟ್ಟಿರುವುದು ತೆಂಗಿನ ಮರ.

ಕಾಯುವ ಬೆಳೆ

ರಾಗಿ, ಹುರುಳಿ, ಅವರೆಗಳಂಥ ಬೆಳೆಗಳು ಬಿತ್ತನೆಯಿಂದ ಒಕ್ಕಣೆಯವರೆಗೆ ಮನೆಮಂದಿಯೆಲ್ಲ ಹೊಲದಲ್ಲಿರಬೇಕೆಂದು ಕೇಳುತ್ತವೆ. ಒಂದು ಮಳೆ ತಪ್ಪಿದರೆ ಅಥವಾ ಕಳೆ ತೆಗೆಯುವ ವಾರ ಕೈಕೊಟ್ಟರೆ ವರ್ಷದ ಫಸಲೇ ಹೋಗುತ್ತದೆ. ತೆಂಗು ಹಾಗಲ್ಲ. ತಿಪಟೂರು ಟಾಲ್ ಎಂದು ಹೆಸರಾದ ಈ ಸೀಮೆಯ ಎತ್ತರದ ತಳಿ ಫಲ ಕೊಡಲು ಆರೆಂಟು ವರ್ಷ ತೆಗೆದುಕೊಂಡರೂ, ಒಮ್ಮೆ ಹಿಡಿದ ಮೇಲೆ ಎರಡು ತಲೆಮಾರುಗಳಷ್ಟು ಕಾಲ ನಿಲ್ಲುತ್ತದೆ. ಅಜ್ಜ ನೆಟ್ಟ ಸಸಿಯ ಕಾಯಿಯನ್ನು ಮೊಮ್ಮಗ ಮಾರುವುದು ಇಲ್ಲಿ ಸಾಮಾನ್ಯ ಸಂಗತಿ. ನೀರು, ಗೊಬ್ಬರ, ಕೆಲವು ವಾರಗಳಿಗೊಮ್ಮೆ ಕಾಯಿ ಕೆಡವುವ ಕೆಲಸ, ಇಷ್ಟನ್ನು ನೋಡಿಕೊಳ್ಳುವವರು ಒಬ್ಬರಿದ್ದರೆ ಉಳಿದ ಅಣ್ಣತಮ್ಮಂದಿರು ಬೇರೆಡೆ ದುಡಿಯಬಹುದು, ಆದರೂ ತೋಟ ಪಾಳು ಬೀಳುವುದಿಲ್ಲ.

ಇಲ್ಲಿನ ಕಾಯಿ ಎಳನೀರಾಗಿ ಅಥವಾ ಹಸಿ ತೆಂಗಿನಕಾಯಿಯಾಗಿ ಮಾರಾಟವಾಗುವುದಕ್ಕಿಂತ ಹೆಚ್ಚಾಗಿ ಉಂಡೆ ಕೊಬ್ಬರಿಯಾಗಿ ಮಾರುಕಟ್ಟೆ ಸೇರುವುದರಿಂದ ಈ ಅನುಕೂಲ ಇನ್ನೂ ಹೆಚ್ಚುತ್ತದೆ. ಉಂಡೆ ಕೊಬ್ಬರಿಯೆಂದರೆ ಬಲಿತ ಕಾಯಿಗಳನ್ನು ಮಟ್ಟೆಸಮೇತ ಅಟ್ಟದ ಮೇಲೆ ಎಂಟರಿಂದ ಹನ್ನೆರಡು ತಿಂಗಳು ಇರಿಸಿ, ಒಳಗಿನ ನೀರು ತಾನಾಗಿ ಬತ್ತಿ ತಿರುಳು ಚಿಪ್ಪಿನಿಂದ ಬಿಟ್ಟುಕೊಂಡ ಮೇಲೆ, ಮಟ್ಟೆ ಸುಲಿದು ಚಿಪ್ಪು ಒಡೆದು ಒಡಕಿಲ್ಲದೆ ಇಡಿಯಾಗಿ ತೆಗೆದ ಕೊಬ್ಬರಿ. ಹಬ್ಬಗಳಲ್ಲಿ, ಸಿಹಿತಿನಿಸುಗಳಲ್ಲಿ ಇದನ್ನು ಬಳಸುವ ಉತ್ತರ ಭಾರತದ ರಾಜ್ಯಗಳಿಗೆ ತಿಪಟೂರಿನ ಕೃಷಿ ಉತ್ಪನ್ನ ಮಾರುಕಟ್ಟೆಯ ಮೂಲಕ ಸಾಗುವ ಈ ಸರಕಿಗೆ ಅಟ್ಟವೇ ಬ್ಯಾಂಕು: ದರ ಕುಸಿದಾಗ ತಡೆದಿಡಬಹುದು, ಮದುವೆಗೋ ಶಾಲಾ ಶುಲ್ಕಕ್ಕೋ ಹಣ ಬೇಕಾದಾಗ ಸುಲಿಸಬಹುದು. ಬೆಂಗಳೂರಿನಲ್ಲಿರುವ ಮಗ ರಜೆಗೆ ಬರುವ ದಿನಗಳಿಗೆ ಹೊಂದುವಂತೆ ಕೊಬ್ಬರಿ ಸುಲಿಸುವ ದಿನವನ್ನು ಗೊತ್ತುಮಾಡಲು ಸಾಧ್ಯವಾಗಿರುವುದು ಬೆಳೆಯ ಈ ಸ್ವಭಾವದಿಂದಲೇ. ನೆಲವನ್ನು ಬಿಟ್ಟುಕೊಡದೆ ಊರು ಬಿಡುವ ಅವಕಾಶ ಹೀಗೆ ಬೆಳೆಯೊಳಗೇ ಅಡಗಿದೆ.

ಹೊರಟವರ ಮೂರು ಅಲೆಗಳು

ಈ ಸೀಮೆಯಿಂದ ಹೊರಟವರಲ್ಲಿ ಮೊದಲಿಗರು ಓದುಬರಹದ ಹಿನ್ನೆಲೆಯ ಕುಟುಂಬಗಳವರು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಬೆಂಗಳೂರಿನಿಂದ ತುಮಕೂರು, ಗುಬ್ಬಿ, ತಿಪಟೂರು, ಅರಸೀಕೆರೆಗಳ ಮೂಲಕ ಉತ್ತರಕ್ಕೆ ಸಾಗುವ ರೈಲುಮಾರ್ಗ ಬಂದ ಮೇಲೆ, ಸಂಪಿಗೆ ರಸ್ತೆ, ಅಮ್ಮಸಂದ್ರ, ಬಾಣಸಂದ್ರಗಳಂಥ ಚಿಕ್ಕ ನಿಲ್ದಾಣಗಳು ಹಳ್ಳಿಗಳನ್ನು ಮೈಸೂರು ಸಂಸ್ಥಾನದ ಕಾಲೇಜುಗಳಿಗೂ ಕಚೇರಿಗಳಿಗೂ ಜೋಡಿಸಿದವು. ಆಧುನಿಕ ಕನ್ನಡ ಕಾವ್ಯಕ್ಕೆ ಹೊಸ ದಾರಿ ತೋರಿಸಿದ ಬಿ.ಎಂ. ಶ್ರೀಕಂಠಯ್ಯನವರು 1884ರಲ್ಲಿ ಹುಟ್ಟಿದ್ದು ಇದೇ ತಾಲ್ಲೂಕಿನ ಸಂಪಿಗೆಯಲ್ಲಿ. ಕಾವ್ಯಮೀಮಾಂಸೆಯ ವಿದ್ವಾಂಸ ತೀ.ನಂ. ಶ್ರೀಕಂಠಯ್ಯನವರ ಊರು ಪಕ್ಕದ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರ. ಇಬ್ಬರ ವಿದ್ವತ್ತೂ ಅರಳಿದ್ದು ಮೈಸೂರು, ಬೆಂಗಳೂರುಗಳಲ್ಲಿಯಾದರೂ, ಹಳೆಯ ಮೈಸೂರು ಸೀಮೆಯ ಪದ್ಧತಿಯಂತೆ ಹಿರಿಯರ ಊರಿನ ಹೆಸರು ಅವರ ಹೆಸರಿನ ಮೊದಲ ಅಕ್ಷರವಾಗಿ ಕೊನೆಯವರೆಗೂ ಜೊತೆಗಿತ್ತು. ಆದರೆ ಈ ಮೊದಲ ಅಲೆಯ ಹಲವು ಕುಟುಂಬಗಳು ಜಮೀನನ್ನು ಗೇಣಿಗೆ ಬಿಟ್ಟು ಹೊರಟಿದ್ದವು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ಉಳುವವನೇ ಒಡೆಯನಾದಾಗ ಅವರಲ್ಲಿ ಅನೇಕರಿಗೆ ನೆಲದ ನಂಟು ಕಡಿದು, ಊರು ನೆನಪಿನ ವಿಷಯವಾಯಿತು. ಅದೇ ಕಾನೂನು ಗೇಣಿದಾರರಾಗಿದ್ದವರನ್ನು ಊರಿನ ಹೊಸ ಒಡೆಯರನ್ನಾಗಿ ಮಾಡಿತು.

ಎರಡನೆಯ ಅಲೆ ಆ ಹೊಸ ಒಡೆಯರ ಮಕ್ಕಳದು. ತುಮಕೂರಿನ ಸಿದ್ಧಗಂಗಾ ಮಠದ ಉಚಿತ ಊಟ, ವಸತಿಯ ವ್ಯವಸ್ಥೆ, ಸರ್ಕಾರಿ ವಿದ್ಯಾರ್ಥಿನಿಲಯಗಳು, ತಿಪಟೂರಿನ ಕಲ್ಪತರು ವಿದ್ಯಾಸಂಸ್ಥೆಯ ಕಾಲೇಜುಗಳು ಕೃಷಿಕರ ಮನೆಗಳ ಮೊದಲ ಪದವೀಧರರನ್ನು ರೂಪಿಸಿದವು. ಇವರು ಶಾಲಾ ಮೇಷ್ಟ್ರಾಗಿ, ಪೊಲೀಸರಾಗಿ, ಸಾರಿಗೆ ನಿಗಮದ ಚಾಲಕ, ನಿರ್ವಾಹಕರಾಗಿ, ಬ್ಯಾಂಕು ಮತ್ತು ಸರ್ಕಾರಿ ಕಚೇರಿಗಳ ನೌಕರರಾಗಿ ಜಿಲ್ಲೆಯೊಳಗೂ ಹೊರಗೂ ಹರಡಿದರು. ಮೂರನೆಯದು ಕಾರ್ಖಾನೆ ಮತ್ತು ಮಹಾನಗರದ ಅಲೆ. 1970ರ ದಶಕದಿಂದ ಬೆಳೆದ ಪೀಣ್ಯ ಕೈಗಾರಿಕಾ ಪ್ರದೇಶ, 2016ರಲ್ಲಿ ಬಾಗಿಲು ಹಾಕಿದ ತುಮಕೂರಿನ ಎಚ್‌ಎಂಟಿ ಕೈಗಡಿಯಾರ ಕಾರ್ಖಾನೆ, ಸಿದ್ಧ ಉಡುಪಿನ ಘಟಕಗಳು, ಆಮೇಲೆ ಮಾಹಿತಿ ತಂತ್ರಜ್ಞಾನದ ಕಂಪನಿಗಳು ಯುವಜನರನ್ನು ಕರೆದವು. ತುಮಕೂರು ರಸ್ತೆಯ ಉದ್ದಕ್ಕೂ ನೆಲಮಂಗಲ, ದಾಸರಹಳ್ಳಿ, ಪೀಣ್ಯಗಳಲ್ಲಿ ನೆಲೆಸಿದವರಿಗೆ ಊರು ಬಸ್ಸಿನಲ್ಲಿ ಎರಡು ಮೂರು ಗಂಟೆಗಳ ದೂರ. ಈ ಹೊರಹರಿವಿನ ಪ್ರಮಾಣವನ್ನು ಜನಗಣತಿ ಸೂಚಿಸುತ್ತದೆ: 2001ರಿಂದ 2011ರ ನಡುವೆ ರಾಜ್ಯದ ಜನಸಂಖ್ಯೆ ಶೇ 15ಕ್ಕೂ ಹೆಚ್ಚು, ಬೆಂಗಳೂರು ನಗರ ಜಿಲ್ಲೆಯದು ಶೇ 45ಕ್ಕೂ ಹೆಚ್ಚು ಏರಿದಾಗ, ತುಮಕೂರು ಜಿಲ್ಲೆಯ ಏರಿಕೆ ಶೇ 4ನ್ನೂ ಮುಟ್ಟಲಿಲ್ಲ.

ಇದಕ್ಕೆ ಎದುರಾಗಿ ಹರಿದ ಒಂದು ಪ್ರವಾಹವೂ ಉಂಟು. ದಂಡಿನಶಿವರದ ನೆರೆಯ ಅಮ್ಮಸಂದ್ರದಲ್ಲಿ 1960ರ ದಶಕದಲ್ಲಿ ನೆಲೆಯೂರಿದ ಮೈಸೂರು ಸಿಮೆಂಟ್ಸ್ ಕಾರ್ಖಾನೆ, ಅದರ ಆದಿತ್ಯಪಟ್ಟಣವೆಂಬ ವಸತಿ ಬಡಾವಣೆಯೊಂದಿಗೆ, ಹೊರಗಿನ ಜಿಲ್ಲೆ, ರಾಜ್ಯಗಳ ನೌಕರರನ್ನು ತೆಂಗಿನ ತೋಟಗಳ ನಡುವೆ ತಂದು ಇಳಿಸಿತು. 2006ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್ ಸಿಮೆಂಟ್ ಸಮೂಹದ ಕೈಸೇರಿದ ಈ ಕಾರ್ಖಾನೆಯಿಂದಾಗಿ, ಊರಿನವರು ದೂರ ಹೋಗಿ ಕಾಣಬೇಕಾಗಿದ್ದ ಪಾಳಿ ಕೆಲಸ, ತಿಂಗಳ ಸಂಬಳ, ಹಲವು ಭಾಷೆಗಳ ನೆರೆಹೊರೆ ಇವೆಲ್ಲ ಅವರ ಬಾಗಿಲಿಗೇ ಬಂದವು.

ಮರಳುವಿಕೆಯ ಬಗೆಗಳು

ಹೊರಟವರು ಮರಳುವುದು ಒಂದೇ ರೀತಿಯಲ್ಲಲ್ಲ. ಯುಗಾದಿ, ಗೌರಿ-ಗಣೇಶ, ದೀಪಾವಳಿ, ಪಿತೃಪಕ್ಷ ಹಾಗೂ ಮತದಾನದ ದಿನಗಳಲ್ಲಿ ಬರುವುದು ಮೊದಲನೆಯ ಬಗೆ. ಹಲವರ ಮತದಾರರ ಚೀಟಿ, ಪಡಿತರ ಚೀಟಿ, ಪಹಣಿಯಲ್ಲಿನ ಹೆಸರು ಇನ್ನೂ ಊರಿನಲ್ಲೇ ಇರುವುದರಿಂದ ದಾಖಲೆಯ ಮಟ್ಟಿಗೆ ಅವರು ಊರನ್ನು ಬಿಟ್ಟೇ ಇಲ್ಲ. ಎರಡನೆಯದು ಮನೆದೇವರ ನಂಟು. ಮನೆದೇವರೆಂದರೆ ವಂಶಪಾರಂಪರ್ಯವಾಗಿ ಒಂದು ಮನೆತನ ನಡೆದುಕೊಳ್ಳುವ ದೈವ. ಮಗುವಿನ ಮುಡಿ ತೆಗೆಸುವುದಕ್ಕೆ, ಲಗ್ನಪತ್ರಿಕೆಯ ಮೊದಲ ಪೂಜೆಗೆ, ಹರಕೆ ತೀರಿಸುವುದಕ್ಕೆ ದೇವರಿದ್ದಲ್ಲಿಗೇ ಬರಬೇಕೆಂಬ ಕಟ್ಟಳೆಯಿಂದಾಗಿ, ನಗರದಲ್ಲೇ ಹುಟ್ಟಿ ಬೆಳೆದ ಮಕ್ಕಳೂ ಊರಿನ ಬೀದಿಯ ಪರಿಚಯ ಮಾಡಿಕೊಳ್ಳುತ್ತಾರೆ. ದೇವಸ್ಥಾನಗಳ ಜೀರ್ಣೋದ್ಧಾರದ ವಂತಿಗೆ ಪಟ್ಟಿಯಲ್ಲಿ ಹೊರಗಿರುವವರ ಹೆಸರುಗಳು ಎದ್ದು ಕಾಣುವುದಕ್ಕೂ ಕಾರಣ ಇದೇ.

ಮೂರನೆಯದು ನಾಟಕ. ಗುಬ್ಬಿ ವೀರಣ್ಣನವರ ಕಂಪನಿಯ ಪ್ರಭಾವ ಆಳವಾಗಿ ಬೇರೂರಿದ ಈ ಜಿಲ್ಲೆಯ ಹಳ್ಳಿಗಳಲ್ಲಿ ಕುರುಕ್ಷೇತ್ರದಂಥ ಪೌರಾಣಿಕ ನಾಟಕಗಳನ್ನು ಹವ್ಯಾಸಿಗಳೇ ಆಡುತ್ತಾರೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಕಂದಪದ್ಯಗಳನ್ನೂ ಹಾಡಿನ ಮಟ್ಟುಗಳನ್ನೂ ಕಲಿಸುತ್ತಾರೆ. ಸೀನರಿ, ಉಡುಪು, ಮೇಷ್ಟ್ರ ಸಂಭಾವನೆಗಳ ವೆಚ್ಚವನ್ನು ಪಾತ್ರಧಾರಿಗಳೇ ತಮ್ಮ ತಮ್ಮ ಪಾತ್ರದ ಲೆಕ್ಕದಲ್ಲಿ ಭರಿಸುತ್ತಾರೆ. ಕಾರ್ಖಾನೆಯಲ್ಲಿ ದುಡಿಯುವವನು, ಬಸ್ ಓಡಿಸುವವನು, ಊರಿನಲ್ಲೇ ಉಳಿದ ರೈತ ಒಂದೇ ರಂಗದ ಮೇಲೆ ಕೃಷ್ಣ, ಕರ್ಣ, ದುರ್ಯೋಧನರಾಗಿ ಬೆಳಗಿನ ಜಾವದವರೆಗೆ ಹಾಡುವಾಗ ಹೋದವರು, ಉಳಿದವರು ಎಂಬ ಭೇದ ಇಲ್ಲವಾಗುತ್ತದೆ. ಊರಿನ ಗುರುತು ಮಾತಿನಲ್ಲಿ ಉಳಿಯದೆ ಆಚರಣೆಯಾಗುವ ಇಂಥ ರಾತ್ರಿಗಳನ್ನು ಬರಿಯ ಮನರಂಜನೆಯೆಂದು ಎಣಿಸುವುದು ಸರಿಯಾಗಲಾರದು.

ನಾಲ್ಕನೆಯದು ನೆಲೆಯಾಗಿ ಮರಳುವಿಕೆ. ನಿವೃತ್ತಿಯ ನಂತರ ಹಳೆಯ ಹೆಂಚಿನ ಮನೆಯ ಜಾಗದಲ್ಲಿ ತಾರಸಿ ಮನೆ ಕಟ್ಟಿಸಿ ತೋಟಕ್ಕೆ ಬಂದವರು ಹಿಂದೆಯೂ ಇದ್ದರು. 2020ರ ಮಾರ್ಚ್ ಕೊನೆಯ ವಾರದಲ್ಲಿ ಕೋವಿಡ್ ಲಾಕ್‌ಡೌನ್ ಜಾರಿಯಾದಾಗ ಮಾತ್ರ ಎಲ್ಲ ವಯಸ್ಸಿನವರೂ ಒಟ್ಟಿಗೆ ಮರಳಿದರು. ದುಡಿಮೆ ನಿಂತವರಿಗೆ ರಾಗಿ ಮತ್ತು ಕಾಯಿ ಇದ್ದ ಮನೆ ಆಸರೆಯಾಯಿತು, ಕಂಪ್ಯೂಟರ್ ಮುಂದೆ ದುಡಿಯುವವರಿಗೆ ಅದೇ ಮನೆ ಕಚೇರಿಯಾಯಿತು. ಬಹುಪಾಲು ಜನ ಮತ್ತೆ ನಗರಕ್ಕೆ ಹೋದರೂ, ತೋಟವನ್ನು ಕಣ್ಣಾರೆ ನೋಡಿಕೊಂಡ ಆ ತಿಂಗಳುಗಳು ಕೊಳವೆಬಾವಿ, ಹನಿ ನೀರಾವರಿ, ಹೊಸ ಸಸಿಗಳ ಕುರಿತ ಆಸಕ್ತಿಯನ್ನು ಅನೇಕ ಕುಟುಂಬಗಳಲ್ಲಿ ಮರಳಿ ಹುಟ್ಟಿಸಿದವು.

ಬೆಲೆ ಮತ್ತು ಭಾರ

ಈ ನಂಟನ್ನು ಮಾರುಕಟ್ಟೆಯ ದರವೂ ನಿರ್ಧರಿಸುತ್ತದೆ. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿಯಿದ್ದಾಗ ತಿಪಟೂರಿನ ಮಾರುಕಟ್ಟೆ ದರ ಅದಕ್ಕಿಂತ ಬಹಳ ಕೆಳಗಿಳಿದು, ಬೆಳೆಗಾರರು ಬೀದಿಗಿಳಿದು, ಬೆಂಬಲ ಬೆಲೆಯಲ್ಲಿ ಕೊಬ್ಬರಿ ಕೊಳ್ಳುವ ನಾಫೆಡ್ ಸಂಸ್ಥೆಯ ಖರೀದಿ ಕೇಂದ್ರಗಳಿಗಾಗಿ ಹೋರಾಡಬೇಕಾಯಿತು. ಎರಡೇ ವರ್ಷಗಳಲ್ಲಿ, 2025ರಲ್ಲಿ, ಅದೇ ಕೊಬ್ಬರಿ ಕ್ವಿಂಟಲಿಗೆ 25,000 ರೂಪಾಯಿ ದಾಟಿತು. ಮೊದಲ ಸ್ಥಿತಿಯಲ್ಲಿ ನಗರದ ಸಂಬಳ ತೋಟವನ್ನು ಸಾಕುತ್ತದೆ, ಎರಡನೆಯದರಲ್ಲಿ ತೋಟ ನಗರದ ಮನೆಯ ಸಾಲವನ್ನು ತೀರಿಸುತ್ತದೆ. ಇಂಥ ಏರಿಳಿತವನ್ನು ಒಂದೇ ಆದಾಯದಿಂದ ತಾಳಿಕೊಳ್ಳುವುದು ಕಷ್ಟವಾದ್ದರಿಂದ, ಒಂದು ಕಾಲು ಊರಿನಲ್ಲಿ, ಇನ್ನೊಂದು ನಗರದಲ್ಲಿ ಇರಿಸಿದ ಬದುಕನ್ನು ಚಂಚಲತೆಯೆಂದು ಹಳಿಯುವುದಕ್ಕಿಂತ ವಿವೇಕವೆಂದು ಗುರುತಿಸುವುದೇ ನ್ಯಾಯ.

ಆದರೂ ಈ ವಿವೇಕದ ಭಾರ ಎಲ್ಲರ ಮೇಲೂ ಸಮನಾಗಿ ಬಿದ್ದಿಲ್ಲ. ತೋಟದ ನಿತ್ಯದ ಹೊಣೆ ವಯಸ್ಸಾದ ತಂದೆತಾಯಿಗಳ ಹೆಗಲಿಗೆ, ಅದರಲ್ಲೂ ಹೆಂಗಸರ ಹೆಗಲಿಗೆ ಬಿದ್ದಿದೆ. ಮರ ಹತ್ತುವವರು, ಕಾಯಿ ಸುಲಿಯುವವರು ಸಿಗುವುದು ಕಷ್ಟವಾಗಿದೆ. ನುಸಿ ಪೀಡೆ, ಕಪ್ಪುತಲೆ ಹುಳು, ಕಾಂಡ ಸೋರುವ ರೋಗ, ಇತ್ತೀಚಿನ ಬಿಳಿನೊಣ ಇವುಗಳಿಗೆ ಬೇಕಾದ ಎಚ್ಚರ ತಿಂಗಳಿಗೊಮ್ಮೆ ಬಂದುಹೋಗುವವರಿಂದ ಸಾಧ್ಯವಾಗುವುದಿಲ್ಲ. ಹೇಮಾವತಿ ನಾಲೆಯ ನೀರು ಕೆರೆಗೆ ಹರಿಯುತ್ತದೋ ಇಲ್ಲವೋ ಎಂಬ ಪ್ರಶ್ನೆಯ ಬೆನ್ನು ಹತ್ತುವುದಕ್ಕೆ ಊರಿನಲ್ಲಿ ಜನರಿರಬೇಕು; ಸರ್ಕಾರಿ ಶಾಲೆ ಉಳಿಯುವುದಕ್ಕೆ ಮಕ್ಕಳಿರಬೇಕು. ಎಲ್ಲಕ್ಕಿಂತ ಮುಖ್ಯವಾದುದು, ತೋಟವಿಲ್ಲದೆ ಕೂಲಿಯನ್ನೇ ನಂಬಿ ಬದುಕಿದವರ ಮಾತು: ಅವರು ಊರು ಬಿಟ್ಟಾಗ ಅವರಿಗಾಗಿ ಕಾಯುವ ಮರವಿಲ್ಲ, ತುಂಬಿದ ಅಟ್ಟವಿಲ್ಲ, ಆದ್ದರಿಂದ ಮರಳುವ ದಾರಿಯೂ ಅಷ್ಟು ಸುಲಭವಲ್ಲ. ಹೋಗಿಬರುವ ಊರೆಂಬ ಹೆಮ್ಮೆಯ ಮಾತನ್ನು ಆಡುವಾಗ, ಹೋಗಿ ಬರಲಾರದವರನ್ನು ಆ ಹೆಮ್ಮೆಯ ಹೊರಗಿಡುವುದು ತಪ್ಪಾಗುತ್ತದೆ.

ದಂಡಿನಶಿವರದ ಗುರುತು ಹಳೆಯದೊಂದು ಚಿತ್ರದಂತೆ ಸ್ಥಿರವಾಗಿ ಉಳಿದಿಲ್ಲ. ಜಮೀನನ್ನು ಗೇಣಿಗೆ ಬಿಟ್ಟು ಹೋದವರು, ಒಡೆತನ ಪಡೆದವರು, ವಿದ್ಯಾರ್ಥಿನಿಲಯದಿಂದ ಕಚೇರಿಗೆ ನಡೆದವರು, ಕಾರ್ಖಾನೆಗೆಂದು ಬಂದವರು, ಹಬ್ಬಕ್ಕೆ ಮರಳುವವರು ಎಲ್ಲರೂ ತಮ್ಮ ತಮ್ಮ ಪಾಲನ್ನು ಸೇರಿಸುತ್ತ ಬಂದಿರುವುದರಿಂದ ಅದು ತಲೆಮಾರಿನಿಂದ ತಲೆಮಾರಿಗೆ ಮತ್ತೆ ಮತ್ತೆ ರೂಪುಗೊಂಡಿದೆ. ದೇವಸ್ಥಾನದ ಗೋಪುರಕ್ಕೆ, ನಾಟಕದ ಸೀನರಿಗೆ ಸಲ್ಲುವ, ಹೊರಗಿರುವವರ ದುಡಿಮೆಯ ಒಂದು ಪಾಲು ಇನ್ನು ಮುಂದೆ ಊರಿನ ಶಾಲೆಗೆ, ಕೆರೆಗೆ, ಆಸ್ಪತ್ರೆಗೆ, ತೋಟದಲ್ಲಿ ದುಡಿಯುವವರ ಕೂಲಿಯ ಭದ್ರತೆಗೆ ಸಂದರೆ, ಮರಳುವುದೆಂಬುದು ರಜೆಯ ಕೆಲವು ದಿನಗಳಿಗೆ ಸೀಮಿತವಾಗದೆ ಊರನ್ನು ಒಟ್ಟಾಗಿ ನಡೆಸುವ ಹೊಣೆಯಾಗುತ್ತದೆ. ತೆಂಗು ಎರಡು ತಲೆಮಾರುಗಳಿಗೆ ಕೊಟ್ಟ ಅವಕಾಶವನ್ನು ಮೂರನೆಯ ತಲೆಮಾರಿಗೆ ದಾಟಿಸುವ ದಾರಿ ಅದೇ.