ಹಿತ್ತಲಿಗೆ ಅಂಟುವಾಳವೋ, ಲಾವಂಚವೋ?

ಹಿತ್ತಲಿನಿಂದ ಮಳೆಯ ನೀರು ಕೆಂಪಾಗಿ ಹರಿದುಹೋಗುತ್ತಿದ್ದರೆ, ಅದರೊಡನೆ ಫಲವತ್ತಾದ ಮೇಲ್ಮಣ್ಣೂ ಹೋಗುತ್ತಿದೆಯೆಂದು ತಿಳಿಯಬೇಕು. ಅಂತಹ ಸ್ಥಳಕ್ಕೆ ನಮ್ಮ ನಾಡಿನವೇ ಆದ ಎರಡು ಸಸ್ಯಗಳಲ್ಲಿ ಯಾವುದು ಮೇಲು?

ಅಂಟುವಾಳವು ದೊಡ್ಡ ಮರ. ಅದರ ಕಾಯಿಯ ಸಿಪ್ಪೆಯಲ್ಲಿ ಸ್ಯಾಪೊನಿನ್ ಎಂಬ ವಸ್ತುವುಂಟು. ಇದರ ಅಣುವಿನ ಒಂದು ಭಾಗವು ನೀರನ್ನೂ ಇನ್ನೊಂದು ಭಾಗವು ಜಿಡ್ಡನ್ನೂ ಹಿಡಿಯುವುದರಿಂದಲೇ ಬಟ್ಟೆಯ ಕೊಳೆಯು ಬಿಡುತ್ತದೆ. ಆದರೆ ಈ ನೊರೆ ಮೀನುಗಳಿಗೆ ವಿಷ. ಅದು ಕೆರೆಯನ್ನು ಸೇರಬಾರದು. ಮರವು ಫಲ ಕೊಡಲು ಹಲವು ವರ್ಷಗಳು ಬೇಕು. ವಿಶಾಲವಾದ ಜಾಗವೂ ಬೇಕು.

ಲಾವಂಚವಾದರೋ ಹುಲ್ಲು. ಅದರ ಬೇರುಗಳು ಅಡ್ಡಡ್ಡಲಾಗಿ ಹಬ್ಬದೆ ನೇರವಾಗಿ ಇಳಿಯುತ್ತವೆ. ಸಡಿಲವಾದ ಮಣ್ಣಿನಲ್ಲಿ 3 ಮೀಟರ್ ಆಳವನ್ನೂ ಮುಟ್ಟಬಲ್ಲವು. ಇಳಿಜಾರಿಗೆ ಅಡ್ಡಲಾಗಿ ಒತ್ತೊತ್ತಾಗಿ ನೆಟ್ಟ ಬುಡಗಳು ನೀರಿನ ವೇಗವನ್ನು ತಗ್ಗಿಸಿ, ಮಣ್ಣನ್ನು ಹಿಂದೆಯೇ ನಿಲ್ಲಿಸುತ್ತವೆ. ಗುಂಡ್ಲುಪೇಟೆಯ ಕಡೆಯ ರೈತರು ಬಹುಕಾಲದಿಂದ ಇದನ್ನು ಹೊಲದ ಎಲ್ಲೆಯಲ್ಲಿ ಬೆಳೆಸಿದ್ದರು. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ಕೃಷಿತಜ್ಞರು ಈ ಕ್ರಮವನ್ನು ಇತರ ದೇಶಗಳಿಗೂ ಪರಿಚಯಿಸಿದರು. ಸುಗಂಧದ ಆಸೆಯಿಂದ ಬೇರನ್ನು ಅಗೆದರೆ ಮಾತ್ರ ಕಾವಲು ಮುರಿದಂತೆಯೇ.

ಆದುದರಿಂದ ಇಳಿಜಾರಿನ ಚಿಕ್ಕ ಹಿತ್ತಲಿಗೆ ಲಾವಂಚವೇ ಲೇಸು. ಜಾಗವುಳ್ಳವರು ಅಂಟುವಾಳವನ್ನೂ ನೆಡಬಹುದು. ಆದರೆ ಲಾವಂಚಕ್ಕೆ ಬಿಸಿಲು ಬೇಕಾದುದರಿಂದ, ಮರದ ನೆರಳು ಅದರ ಮೇಲೆ ಬೀಳದಷ್ಟು ದೂರವಿರಲಿ.