ಗೋಡೆಯ ಮೇಲಿನ ಮದುವೆಯ ಪಟ

ವಾಚಕರಲ್ಲಿ ಬಹುಮಂದಿಯ ಮನೆಗಳಲ್ಲಿ ನಡುಮನೆಯ ಗೋಡೆಯ ಮೇಲೆ ಒಂದು ಹಳೆಯ ಮದುವೆಯ ಪಟವು ತೂಗುತ್ತಿರಬಹುದು. ಹಬ್ಬದ ದಿನ ಅದರ ಗಾಜನ್ನು ಒರೆಸುವೆವು. ಸುಣ್ಣ ಬಳಿಯುವಾಗ ಕೆಳಗಿಳಿಸಿ ಮರಳಿ ಅದೇ ಮೊಳೆಗೆ ತಗುಲಿಹಾಕುವೆವು. ಅದರಲ್ಲಿರುವವರು ಯಾರೆಂದು ಮಕ್ಕಳು ಕೇಳಿದರೆ ‘ತಾತ, ಅಜ್ಜಿ’ ಎಂದು ಎರಡು ಮಾತಿನಲ್ಲಿ ಮುಗಿಸುವೆವು. ನಾವೂ ಹಾಗೆಯೇ ಹೇಳುತ್ತ ಬಂದವರು. ಆ ಉತ್ತರದಲ್ಲಿ ಅರ್ಧ ತಪ್ಪಾಗಿದ್ದಿತೆಂಬುದು ಬಹುಕಾಲದ ಮೇಲೆ ನಮಗೆ ತಿಳಿದುಬಂದ ಬಗೆಯನ್ನು ಇಲ್ಲಿ ನಿವೇದಿಸುತ್ತೇವೆ. ಇದು ನಮ್ಮ ಮನೆಯ ಮಾತಾದರೂ ಇದರಿಂದ ಇತರ ಮನೆಗಳವರಿಗೂ ಏನಾದರೂ ಉಪಯೋಗವಾದೀತೆಂಬುದೇ ನಮ್ಮ ಆಶಯ.

ನಮ್ಮ ಪೂರ್ವಿಕರ ಮನೆಯಿರುವುದು ತುಮಕೂರು ಜಿಲ್ಲೆಯ ಒಂದು ಸಣ್ಣ ಗ್ರಾಮದಲ್ಲಿ. ಅಲ್ಲಿಯ ಪಟದ ಚೌಕಟ್ಟಿಗೆ ಗೆದ್ದಲು ಹಿಡಿದುದರಿಂದ ಅದನ್ನು ಬಿಚ್ಚಬೇಕಾಯಿತು. ಚಿತ್ರದಲ್ಲಿ ಜರಿಪೇಟವನ್ನು ಸುತ್ತಿ, ಉದ್ದನೆಯ ಕೋಟನ್ನು ತೊಟ್ಟ ವರನು ನಿಂತಿದ್ದಾನೆ. ಪಕ್ಕದಲ್ಲಿ ಡಾಬು, ವಂಕಿ, ಅಡ್ಡಿಕೆಗಳನ್ನು ಧರಿಸಿ ಹನ್ನೆರಡು ವರ್ಷದ ಪ್ರಾಯವೆಂದು ತೋರುವ ವಧು. ಇಬ್ಬರು ಹಿರಿಯರು ಕುರ್ಚಿಗಳಲ್ಲಿ ಕುಳಿತಿದ್ದಾರೆ. ಬಲದ ಅಂಚಿನಲ್ಲಿ ಒಬ್ಬ ಬಾಲಕ. ಅವನ ಮುಖವು ಮಾತ್ರ ನೀರಿನಲ್ಲಿ ಕಲಸಿದಂತೆ ಮಸುಕಾಗಿದೆ. ಕೆಳಗಿನ ದಪ್ಪ ರಟ್ಟಿನ ಮೇಲೆ ಅಚ್ಚೊತ್ತಿದ್ದ ಛಾಯಾಗ್ರಾಹಕನ ಹೆಸರನ್ನು ಗೆದ್ದಲು ತಿಂದು ‘ಬೆಂಗಳೂರು’ ಎಂಬ ಊರ ಹೆಸರಷ್ಟೇ ಉಳಿದಿದ್ದಿತು.

ಹಳೆಯ ಪಟವನ್ನು ಓದುವುದಕ್ಕೆ ಅದನ್ನು ತೆಗೆದ ಕ್ರಮವನ್ನು ಸ್ವಲ್ಪ ತಿಳಿದಿರಬೇಕು. ಫ್ರಾನ್ಸ್ ದೇಶದ ಡಾಗೇರ್ ಎಂಬಾತನು ಬೆಳಕಿನಿಂದ ಚಿತ್ರವನ್ನು ಮೂಡಿಸುವ ತನ್ನ ವಿಧಾನವನ್ನು ಪ್ರಕಟಪಡಿಸಿದುದು 1839ರಲ್ಲಿ. 1850ರ ಸುಮಾರಿಗೆ ಕೋಳಿಮೊಟ್ಟೆಯ ಬಿಳಿಯ ಲೋಳೆಯನ್ನು ಸವರಿದ ಕಾಗದವು ಬಳಕೆಗೆ ಬಂದಿತು. ಆ ಶತಮಾನದ ಕೊನೆಯ ವೇಳೆಗೆ ಜೆಲಾಟಿನ್ ಲೇಪದ ಕಾಗದವು ಅದರ ಸ್ಥಾನವನ್ನು ಆಕ್ರಮಿಸಿತು. ಜೆಲಾಟಿನ್ ಪಟಗಳು ಹಳತಾದಂತೆ ಅವುಗಳ ಕಪ್ಪು ಭಾಗಗಳ ಅಂಚಿನಲ್ಲಿ ಬೆಳ್ಳಿಯ ಹೊಳಪೊಂದು ಕಾಣಿಸಿಕೊಳ್ಳುವುದುಂಟು. ನಮ್ಮ ಪಟದಲ್ಲಿ ಅದು ಚೆನ್ನಾಗಿಯೇ ಕಾಣುತ್ತಿದ್ದಿತು. ಆ ಕಾಲದ ಗಾಜಿನ ಫಲಕಗಳಿಗೆ ಕೆಂಪು ಬಣ್ಣವು ಗೋಚರವಾಗುತ್ತಿರಲಿಲ್ಲ. ಆದುದರಿಂದ ಹಣೆಯ ಕುಂಕುಮವೂ ಕೆಂಪು ಸೀರೆಯೂ ಪಟದಲ್ಲಿ ಕಪ್ಪಾಗಿ ಬೀಳುತ್ತಿದ್ದುವು. ವಧುವು ಕಪ್ಪು ಸೀರೆಯನ್ನುಟ್ಟಿದ್ದಳೆಂದು ಯಾರೂ ಶಂಕಿಸಬೇಕಾದುದಿಲ್ಲ. ಚಿತ್ರ ಬೀಳುವುದಕ್ಕೆ ಕೆಲವು ಕ್ಷಣಗಳಾದರೂ ಹಿಡಿಯುತ್ತಿದ್ದುದರಿಂದ ಎಲ್ಲರೂ ಉಸಿರು ಬಿಗಿಹಿಡಿದು ನಿಲ್ಲಬೇಕಾಗಿದ್ದಿತು. ಅಲುಗಾಡಿದವರ ಮುಖ ಕಲಸಿಹೋಗುತ್ತಿದ್ದಿತು.

ಪಟಕ್ಕೂ ಹಿಂದಿನ ಹಲಗೆಗೂ ನಡುವೆ ನಾಲ್ಕು ಮಡಿಕೆಯ ಕಾಗದವೊಂದು ಸಿಕ್ಕಿತು. ಮೂಲೆಗಳಲ್ಲಿ ಅರಿಶಿನದ ಗುರುತಿದ್ದ ಲಗ್ನಪತ್ರಿಕೆ ಅದು. ವರನು ನಮ್ಮ ತಾತನೇ. ಕನ್ಯೆಯ ಹೆಸರು ಮಾತ್ರ ನಾವು ಕೇಳಿದ್ದ ಅಜ್ಜಿಯ ಹೆಸರಾಗಿರಲಿಲ್ಲ. ಇದರಿಂದ ನಮಗೆ ಆಶ್ಚರ್ಯವೇನೂ ಆಗಲಿಲ್ಲ. ನಮ್ಮ ಮನೆತನದಲ್ಲಿ ಮದುವೆಯ ದಿನ ತಟ್ಟೆಯಲ್ಲಿ ಅಕ್ಕಿಯನ್ನು ಹರಡಿ, ಉಂಗುರದಿಂದ ಸೊಸೆಯ ಹೊಸ ಹೆಸರನ್ನು ಬರೆಯುವ ಪದ್ಧತಿಯುಂಟು. ಇದು ಅಜ್ಜಿಯ ತವರಿನ ಹೆಸರೆಂದು ನಾವು ಸುಲಭವಾಗಿ ತೀರ್ಮಾನಿಸಿದೆವು. ತಪ್ಪು ಮೊದಲಾದುದು ಇಲ್ಲಿಯೇ.

ಪತ್ರಿಕೆಯಲ್ಲಿ ಇಸವಿಯಿರಲಿಲ್ಲ, ‘ಆನಂದ ಸಂವತ್ಸರದ ವೈಶಾಖ ಮಾಸ’ವೆಂದು ಮಾತ್ರ ಇದ್ದಿತು. ಸಂವತ್ಸರಗಳು ಅರವತ್ತು, ಒಂದು ಸುತ್ತು ಮುಗಿದರೆ ಪುನಃ ಪ್ರಭವದಿಂದ ಆರಂಭ. ನಮ್ಮ ದಕ್ಷಿಣದೇಶದ ಗಣನೆಯಂತೆ 1867, 1927, 1987 ಇವು ಪ್ರಭವ ಸಂವತ್ಸರಗಳು ಆರಂಭವಾದ ವರ್ಷಗಳು. ಆನಂದವು ನಾಲ್ವತ್ತೆಂಟನೆಯದಾದುದರಿಂದ ಅದು 1854, 1914, 1974 ಈ ವರ್ಷಗಳಲ್ಲಿ ಬರುವುದು. ಉತ್ತರದೇಶದವರ ಎಣಿಕೆ ಬೇರೆ, ಎರಡನ್ನೂ ಬೆರೆಸಬಾರದು. ಯುಗಾದಿಯಿಂದ ಸಂವತ್ಸರವು ಬದಲಾಗುವುದರಿಂದ, ಮಾಘ ಫಾಲ್ಗುಣಗಳ ಮದುವೆಗಳಿಗೆ ಮುಂದಿನ ಇಸವಿಯನ್ನು ಹಿಡಿಯಬೇಕೆಂಬುದನ್ನೂ ಮರೆಯಬಾರದು. ನಮ್ಮ ಪಟದ ಕಾಗದವು 1854ರದಾಗಿರಲಾರದು. 1974ರಲ್ಲಿ ತಾತನು ಇರಲೇ ಇಲ್ಲ. ಆದುದರಿಂದ ಮದುವೆಯು 1914ರ ಬೇಸಗೆಯಲ್ಲಿ ನಡೆದುದೆಂದು ನಿಶ್ಚಯವಾಯಿತು. ತಿಥಿಯೂ ವಾರವೂ ಒಟ್ಟಿಗೆ ಕೊಟ್ಟಿದ್ದರೆ ಹಳೆಯ ಪಂಚಾಂಗದೊಡನೆ ತಾಳೆ ನೋಡಿ ದಿನವನ್ನೇ ನಿರ್ಧರಿಸಬಹುದು.

ಇಷ್ಟು ಸಾಧಿಸಿದೆವೆಂದು ಹಿಗ್ಗುತ್ತಿರುವಾಗ ನಮ್ಮ ಮನೆಯ ಹುಡುಗಿಯೊಬ್ಬಳು ಒಂದು ಪ್ರಶ್ನೆಯನ್ನು ಕೇಳಿದಳು. “ಬಾಲದ ಚುಕ್ಕೆ ಮೂಡಿದ ವರ್ಷ ನಾನು ಹುಟ್ಟಿದ್ದು” ಎಂದು ಅಜ್ಜಿಯು ಹೇಳುತ್ತಿದ್ದ ಮಾತು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಹ್ಯಾಲಿಯ ಧೂಮಕೇತುವು ಕಾಣಿಸಿಕೊಂಡುದು 1910ರಲ್ಲಿ. ಅದೇ ವರ್ಷದ ಜನವರಿಯಲ್ಲಿ ಮತ್ತೊಂದು ದೊಡ್ಡ ಧೂಮಕೇತುವೂ ಕಂಡಿದ್ದಿತು. ಯಾವುದನ್ನು ಹಿಡಿದರೂ ಇಸವಿ ಒಂದೇ. “ಹಾಗಾದರೆ ಮದುವೆಯಲ್ಲಿ ಅಜ್ಜಿಗೆ ನಾಲ್ಕು ವರ್ಷ. ನಾಲ್ಕು ವರ್ಷದ ಮಗು ಇಷ್ಟೆತ್ತರ ಇರುತ್ತದೆಯೆ?” ಎಂದಳು ಹುಡುಗಿ. ನಮ್ಮಲ್ಲಿ ಯಾರ ಬಾಯಿಂದಲೂ ಉತ್ತರ ಹೊರಡಲಿಲ್ಲ. ಅಲ್ಲದೆ, ಎಂಟು ವರ್ಷ ತುಂಬದ ಹೆಣ್ಣುಮಗುವಿನ ಮದುವೆಯನ್ನು ಮೈಸೂರು ಸಂಸ್ಥಾನವು 1894ರಲ್ಲಿಯೇ ಶಾಸನದಿಂದ ನಿಷೇಧಿಸಿದ್ದಿತು. ಪಟದಲ್ಲಿರುವ ವಧುವು ನಮ್ಮ ಅಜ್ಜಿಯಲ್ಲ. ಹಾಗಾದರೆ ಆಕೆ ಯಾರು?

ನಮ್ಮ ತಂದೆಯ ತಲೆಮಾರಿನವರಲ್ಲಿ ಉಳಿದಿರುವವರು ತೊಂಬತ್ತು ದಾಟಿದ ಸೋದರತ್ತೆಯವರೊಬ್ಬರೇ. ಅವರ ಕಣ್ಣು ಮಂದವಾಗಿದೆ. ಜ್ಞಾಪಕವು ಮಾತ್ರ ಸ್ಫುಟವಾಗಿದೆ. ಪಟವನ್ನು ಅವರ ತೊಡೆಯ ಮೇಲಿರಿಸಿದೆವು. ಗಾಜಿಲ್ಲದ ಪಟದ ಮೇಲೆ ಬೆರಳಾಡಿಸಲು ಹೋಗಿ, ಕೈಯನ್ನು ಹಿಂತೆಗೆದುಕೊಂಡು ಅವರು ಹೇಳಿದರು:

“ಇದು ನಮ್ಮಮ್ಮ ಅಲ್ಲ, ಮಗು. ಇವರು ದೊಡ್ಡಮ್ಮ. ನಮ್ಮಮ್ಮ ಇವರನ್ನ ಅಕ್ಕ ಅಕ್ಕ ಅಂತಲೇ ಕರೀತಿದ್ದಳು. ಕಣ್ಣಿಂದ ನೋಡಿದವಳೇ ಅಲ್ಲ.”

“ಮತ್ತೆ ಇಷ್ಟು ದಿನ ಯಾಕೆ ಹೇಳಲಿಲ್ಲ, ಅತ್ತೆ?”

“ನೀವು ಯಾವತ್ತು ಕೇಳಿದಿರಿ?”

ಈ ಮಾತಿಗೆ ನಾವು ತಲೆತಗ್ಗಿಸಬೇಕಾಯಿತು.

ಮುಂದಿನ ಕಥೆಯನ್ನು ಅತ್ತೆಯವರೇ ತಿಳಿಸಿದರು. 1918ರ ಶರತ್ಕಾಲದಲ್ಲಿ, ಕಾಳಯುಕ್ತಿ ಸಂವತ್ಸರದಲ್ಲಿ, ವಿಷಮ ಶೀತಜ್ವರವು ದೇಶವನ್ನೆಲ್ಲ ಸುತ್ತಿದಾಗ ತಾತನ ಈ ಮೊದಲ ಪತ್ನಿಯು ಗರ್ಭಿಣಿಯಾಗಿದ್ದಳು. ಜ್ವರ ಬಂದ ಐದನೆಯ ದಿನ ತೀರಿಕೊಂಡಳು. ಆ ಪಿಡುಗಿನಲ್ಲಿ ಭಾರತದಲ್ಲಿ ಒಂದು ಕೋಟಿಗೂ ಹೆಚ್ಚು ಜನರು ಮಡಿದರು. ಪ್ರಾಯದವರೂ ಬಸುರಿಯರೂ ವಿಶೇಷವಾಗಿ ಅದಕ್ಕೆ ಬಲಿಯಾದರು. 1911ರಿಂದ 1921ರ ವರೆಗಿನ ಹತ್ತು ವರ್ಷಗಳಲ್ಲಿ ದೇಶದ ಜನಸಂಖ್ಯೆಯು ಏರುವುದಕ್ಕೆ ಬದಲಾಗಿ ಇಳಿದುದಕ್ಕೆ ಮುಖ್ಯಕಾರಣವು ಇದೇ. ಪುಸ್ತಕದಲ್ಲಿ ಓದುವಾಗ ಅದು ಬರಿಯ ಸಂಖ್ಯೆ. ನಮ್ಮ ನಡುಮನೆಯ ಗೋಡೆಯ ಮೇಲಿಂದ ಆ ಸಂಖ್ಯೆಯಲ್ಲಿ ಒಬ್ಬಳು ಇಷ್ಟು ವರ್ಷವೂ ನಮ್ಮನ್ನು ನೋಡುತ್ತಿದ್ದಳು. ಕೆಲವು ವರ್ಷಗಳ ಮೇಲೆ ತಾತನು ನಮ್ಮ ಅಜ್ಜಿಯನ್ನು ಕೈಹಿಡಿದನು. ಆ ಎರಡನೆಯ ಮದುವೆಗೆ ಪಟವನ್ನು ತೆಗೆಸಲಿಲ್ಲ.

ಸವತಿಯ ಪಟವನ್ನು ಅಜ್ಜಿಯು ಏಕೆ ಗೋಡೆಯ ಮೇಲೆ ಉಳಿಸಿಕೊಂಡಳು? ಇದಕ್ಕೆ ಉತ್ತರವೂ ನಮ್ಮ ಕಣ್ಣೆದುರಿಗೇ ಇದ್ದಿತು. ಮಹಾಲಯ ಪಕ್ಷದಲ್ಲಿ ಬರುವ ಅವಿಧವಾ ನವಮಿಯು, ಪತಿಯು ಬದುಕಿರುವಾಗಲೇ ಗತಿಸಿದ ಸುವಾಸಿನಿಯರಿಗಾಗಿ ಮೀಸಲಾದ ದಿನ. ಪ್ರತಿವರ್ಷವೂ ಆ ದಿನ ಅಜ್ಜಿಯು ಒಬ್ಬ ಮುತ್ತೈದೆಯನ್ನು ಕರೆದು, ಎಣ್ಣೆ ನೀರೆರೆದು, ಊಟಕ್ಕೆ ಬಡಿಸಿ, ಸೀರೆ ಕುಬಸಗಳನ್ನು ಕೊಡುತ್ತಿದ್ದುದನ್ನು ಬಾಲ್ಯದಲ್ಲಿ ನಾವೇ ನೋಡಿದ್ದೇವೆ. ಯಾರೋ ಹಿಂದಿನ ಮುತ್ತಜ್ಜಿಗಾಗಿ ಇರಬೇಕೆಂದು ಎಣಿಸಿ, ಹೋಳಿಗೆಯನ್ನು ತಿಂದು ಆಟಕ್ಕೆ ಓಡಿದ್ದೆವು. ಮನೆಯ ಆಚಾರಗಳಲ್ಲಿಯೂ ಚರಿತ್ರೆಯು ಅಡಗಿರುವುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವು ಬೇಡ.

ಅತ್ತೆಯವರ ಮಾತಿನಂತೆ ನಮ್ಮ ತಂದೆಯವರ ಸಂಧ್ಯಾವಂದನೆಯ ಪೆಟ್ಟಿಗೆಯನ್ನು ತೆರೆದು, ತರ್ಪಣಕ್ಕಾಗಿ ಅವರು ಬರೆದಿಟ್ಟುಕೊಂಡಿದ್ದ ಪುಸ್ತಕವನ್ನು ಹುಡುಕಿದೆವು. ಮಹಾಲಯದಲ್ಲಿ ಪಿತೃ, ಪಿತಾಮಹ, ಪ್ರಪಿತಾಮಹರನ್ನೂ ಮಾತೃವರ್ಗವನ್ನೂ ಸ್ಮರಿಸಿದ ಮೇಲೆ ಸಾಪತ್ನಮಾತೃವನ್ನು, ಎಂದರೆ ಮಲತಾಯಿಯನ್ನು, ಗೋತ್ರ ನಾಮಗಳೊಡನೆ ಸ್ಮರಿಸುವ ವಿಧಿಯಿದೆ. ಆ ಸಾಲಿನಲ್ಲಿ, ತಂದೆಯವರ ದುಂಡನೆಯ ಅಕ್ಷರಗಳಲ್ಲಿ, ಆಕೆಯ ಹೆಸರಿದ್ದಿತು. ಅದು ನಮ್ಮ ಮನೆಯವರು ಅಕ್ಕಿಯ ಮೇಲೆ ಬರೆದಿಟ್ಟ ಹೆಸರು. ಆಕೆಯ ತಾಯ್ತಂದೆಗಳು ಕರೆದ ಹೆಸರು ಲಗ್ನಪತ್ರಿಕೆಯಲ್ಲಿದ್ದಿತು. ಎರಡು ಕಾಗದಗಳನ್ನೂ ಪಕ್ಕದಲ್ಲಿಟ್ಟಾಗ ಅವಳು ಮತ್ತೆ ಪೂರ್ಣವಾಗಿ ಒಬ್ಬಳಾದಳು.

ಪತ್ರಿಕೆಯ ಕೊನೆಯಲ್ಲಿ ಕನ್ಯಾಪಿತೃವಿನ ಊರಿನ ಹೆಸರಿದ್ದಿತು. ನಮ್ಮ ಗ್ರಾಮಕ್ಕೆ ಒಂದು ದಿನದ ದಾರಿಯೂ ಅಲ್ಲ. ಆದರೂ ನೂರು ವರ್ಷಗಳಿಂದ ಹೋಗಿಬರುವುದು ನಿಂತುಹೋಗಿದ್ದಿತು. ಕೇಳುತ್ತ ಹೋಗಿ ಆ ಮನೆಯನ್ನು ಕಂಡುಹಿಡಿದೆವು. ಈಗಿರುವ ಯಜಮಾನರು ನಮಗಿಂತ ಹಿರಿಯರು. ಪಟದ ಪ್ರತಿಯನ್ನು ಕೈಗಿತ್ತೊಡನೆ ಅವರು ವಧುವನ್ನು ನೋಡಲಿಲ್ಲ. ಅಂಚಿನಲ್ಲಿದ್ದ ಮಸುಕುಮುಖದ ಬಾಲಕನನ್ನು ನೋಡಿ ನಕ್ಕರು. “ನಮ್ಮ ತಾತ ಸಾಯೋವರೆಗೂ ಹೇಳುತ್ತಿದ್ದರು, ಅಕ್ಕನ ಮದುವೆಯಲ್ಲಿ ಅಲುಗಾಡಿ ಪಟ ಕೆಡಿಸಿದೆ ಅಂತ ಅಪ್ಪ ಕಿವಿ ಹಿಂಡಿದರು ಅಂತ.” ಅನಂತರ ವಧುವಿನ ಮುಖವನ್ನು ಬಹಳ ಹೊತ್ತು ನೋಡಿದರು. ಆ ಅಕ್ಕನ ಮುಖವನ್ನು ಅವರ ಮನೆಯಲ್ಲಿ ಈಗಿರುವವರು ಯಾರೂ ಕಂಡಿರಲಿಲ್ಲ.

ಇಂಥ ಶೋಧನೆಯಲ್ಲಿ ತೊಡಗುವವರಿಗೆ ಮಾರ್ಗಗಳು ಇನ್ನೂ ಹಲವಿವೆ. ಹರಿದ್ವಾರ ಮೊದಲಾದ ಕ್ಷೇತ್ರಗಳ ಪಂಡರಲ್ಲಿ ಯಾತ್ರಿಕರ ವಂಶಗಳನ್ನು ಬರೆದಿಟ್ಟ ಬಹಿಗಳಿವೆ. ನಮ್ಮ ನಾಡಿನಲ್ಲಿಯೇ ಹೆಳವರು ಎತ್ತಿನೊಡನೆ ಊರೂರು ತಿರುಗಿ ಮನೆತನಗಳ ಪೀಳಿಗೆಯನ್ನು ಹೇಳಿ, ಹೊಸ ಹೆಸರುಗಳನ್ನು ಸೇರಿಸಿಕೊಳ್ಳುತ್ತ ಬಂದವರು. ಜಮೀನಿನ ಹಳೆಯ ದಾಖಲೆಗಳು, ಶಾಲೆಯ ದಾಖಲಾತಿ ಪುಸ್ತಕಗಳು ಇವೂ ಸಹಾಯಕವಾದುವೇ. ಆದರೆ ಇವುಗಳಲ್ಲಿ ಬಹುಪಾಲು ಗಂಡುಮಕ್ಕಳ ಹೆಸರುಗಳೇ ದೊರೆಯುವುವು. ಹೆಣ್ಣಿನ ಹೆಸರು ಉಳಿಯುವುದು ಲಗ್ನಪತ್ರಿಕೆಯಲ್ಲಿ, ತರ್ಪಣದ ಸಾಲಿನಲ್ಲಿ, ಪಾತ್ರೆಯ ಮೇಲೆ ಕೆತ್ತಿಸಿದ ಅಕ್ಷರಗಳಲ್ಲಿ. ಎಲ್ಲಕ್ಕಿಂತ ಹೆಚ್ಚಾಗಿ ಮನೆಯ ಹಿರಿಯ ಹೆಂಗಸರ ನಾಲಗೆಯ ಮೇಲೆ. ಅದು ಅವರೊಡನೆಯೇ ಹೊರಟುಹೋಗುವ ಸಂಪತ್ತು.

ಆದುದರಿಂದ ಗೃಹಿಣಿಯರಲ್ಲಿ ನಮ್ಮ ವಿಜ್ಞಾಪನೆಯಿಷ್ಟು. ಈ ಹಬ್ಬಕ್ಕೆ ಪಟವನ್ನು ಕೆಳಗಿಳಿಸಿದಾಗ ಅದನ್ನು ಹಿರಿಯರ ಮುಂದಿಟ್ಟು, ಪ್ರತಿಯೊಂದು ಮುಖಕ್ಕೂ ಹೆಸರು ಕೇಳಿರಿ. ತವರಿನ ಹೆಸರನ್ನೂ ತಪ್ಪದೆ ಕೇಳಿರಿ. ಶಾಯಿಯಿಂದಲ್ಲ, ಮೃದುವಾದ ಸೀಸದ ಕಡ್ಡಿಯಿಂದ ರಟ್ಟಿನ ಹಿಂಬದಿಯಲ್ಲಿ ಬರೆಯಿರಿ. ಗಾಜಿಗೆ ಅಂಟಿಕೊಂಡ ಪಟವನ್ನು ಬಲವಂತವಾಗಿ ಕೀಳಬೇಡಿರಿ. ಎಲ್ಲರ ಕೈಯಲ್ಲೂ ಇರುವ ಮೊಬೈಲಿನಿಂದ ಒಂದು ಪ್ರತಿಯನ್ನು ತೆಗೆದಿಟ್ಟು, ಮೂಲವನ್ನು ಬಿಸಿಲೂ ತೇವವೂ ತಾಗದ ಗೋಡೆಗೆ ಹಾಕಿರಿ.

ಅಂದು ಹೊರಡುವಾಗ ನಾವು ಅತ್ತೆಯವರನ್ನು ಇನ್ನೊಂದು ಮಾತು ಕೇಳಿದೆವು: “ನಮ್ಮಜ್ಜಿಗೆ ತವರಲ್ಲಿ ಏನಂತ ಕರೀತಿದ್ದರು?” ಅವರು ಹೇಳಿದರು. ನಾವು ಆ ಹೆಸರನ್ನು ಕೇಳಿದುದು ಅದೇ ಮೊದಲು. ಪಟವು ಈಗ ಹೊಸ ಚೌಕಟ್ಟಿನಲ್ಲಿ ಅದೇ ಮೊಳೆಯ ಮೇಲಿದೆ. ಅದರ ಹಿಂದೆ ಇಬ್ಬರು ಹೆಂಗಸರ ನಾಲ್ಕು ಹೆಸರುಗಳನ್ನು ಬರೆದಿದ್ದೇವೆ. ಮುಂದಿನ ಅವಿಧವಾ ನವಮಿಗೆ ದೊಡ್ಡಜ್ಜಿಯ ತವರಿನವರನ್ನೂ ಊಟಕ್ಕೆ ಕರೆದಿದ್ದೇವೆ. ಬರುತ್ತೇವೆಂದು ಅವರು ಒಪ್ಪಿದ್ದಾರೆ.